ಹೊಲಿಗೆ ಡಬ್ಬಿಯಲ್ಲಿಟ್ಟ ರಟ್ಟು

ನಾನು ಹತ್ತನೇ ತರಗತಿ ಪಾಸಾದದ್ದು ನಲವತ್ತಾರನೇ ವಯಸ್ಸಿನಲ್ಲಿ. ಅಕ್ಕಲಕೋಟೆಯಲ್ಲಿ ಮನೆಗೆ ಹೊಂದಿಕೊಂಡೇ ಎರಡು ಪಾವರ್‌ಲೂಮ್ ಇವೆ. ನಾನು ಟವೆಲ್ ನೇಯುತ್ತೇನೆ, ಹೆಂಡತಿ ಅಂಚು ಹೊಲಿಯುತ್ತಾಳೆ. ಹನ್ನೆರಡನೇ ತರಗತಿ ಪರೀಕ್ಷೆಯ ಫಾರ್ಮ್ ತಂದಿಟ್ಟಿದ್ದೆ. ಅಷ್ಟರಲ್ಲಿ ಮೂಗಿನ ಹಿಂದೆ ಕ್ಯಾನ್ಸರ್ ಗಡ್ಡೆ ಇರುವುದು ಗೊತ್ತಾಯಿತು.

ಸೊಲ್ಲಾಪುರದ ಆಸ್ಪತ್ರೆಯಲ್ಲಿ ಕಿರಣ ಚಿಕಿತ್ಸೆಯ ಡಾಕ್ಟರಮ್ಮ ಕಂಪ್ಯೂಟರಿನಲ್ಲಿ ನನ್ನ ತಲೆಯ ಚಿತ್ರ ತೋರಿಸಿದರು. ಎರಡೂ ಕಿವಿಗಳ ಒಳಬದಿಗೆ, ಗೋಡಂಬಿಯಂತೆ ಬಾಗಿದ ಎರಡು ಜಾಗಗಳ ಸುತ್ತ ಹಳದಿ ಗೆರೆ ಎಳೆದಿದ್ದರು. ಹೊಸದಾಗಿ ಕಲಿತದ್ದು ನೆನಪಿನಲ್ಲಿ ನಿಲ್ಲಬೇಕಾದರೆ ಆ ಜಾಗ ಚೆನ್ನಾಗಿರಬೇಕಂತೆ.

"ಗಡ್ಡಿಗೆ ಕಿರಣ ಕಮ್ಮಿ ಮಾಡೂದಿಲ್ರಿ ಕಾಕಾ. ಆದ್ರ ಇಲ್ಲಿ ಆದಷ್ಟು ಕಮ್ಮಿ ಬೀಳೂಹಂಗ ಪ್ಲಾನ್ ಮಾಡತೀವಿ. ಪೂರಾ ತಪ್ಪಸ್ತೀವಿ ಅಂತ ಹೇಳಾಕ ಬರೂದಿಲ್ಲ. ಎರಡ್ ದಿನ ಜಾಸ್ತಿ ಹಿಡೀತದ."

"ಇಷ್ಟ್ ವರ್ಷ ಈ ತಲಿ ಖಾಲಿ ಇತ್ರಿ ಮೇಡಂ, ಈಗ ತುಂಬಾಕತ್ತದ. ನಾಕ್ ದಿನ ತಗೋರಿ," ಎಂದೆ.

ಆಮೇಲೆ ಆರೂವರೆ ವಾರ ಬಸ್ಸಿನಲ್ಲಿ ಓಡಾಡಿದೆ. ಮುಖಕ್ಕೆ ಜಾಲರಿಯ ಮುಖವಾಡ ಬಿಗಿದು ಮಲಗಿಸುತ್ತಿದ್ದರು. ಬಾಯಿ ಒಣಗಿತು, ರುಚಿ ಹೋಯಿತು. ನನಗೆ ಅದಕ್ಕಿಂತ ದೊಡ್ಡ ಚಿಂತೆ ನೆನಪಿನದು.

ನನ್ನ ಚಿಂತೆ ನೋಡಿ ಹೆಂಡತಿಯೇ ಒಂದು ಪರೀಕ್ಷೆ ಶುರುಮಾಡಿದಳು. ಟವೆಲ್ಲಿನ ಪಟ್ಟೆಗೆ ಮಾದರಿ ಇಡುವಾಗ ನಾವು ರಟ್ಟಿನ ತುಂಡಿಗೆ ಬಣ್ಣದ ನೂಲು ಸಾಲಾಗಿ ಸುತ್ತುತ್ತೇವೆ. ಯಾವ ಕಡೆಯಿಂದ ಎಣಿಸಬೇಕೋ ಆ ಕಡೆ, ಮೊದಲ ಬಣ್ಣದ ನೂಲಿನಲ್ಲೇ ಒಂದು ಗಂಟು ಇಳಿಬಿಡುತ್ತೇವೆ. ಪ್ರತಿ ಭಾನುವಾರ ಅವಳು ಏಳು ಬಣ್ಣದ ಹೊಸ ರಟ್ಟು ಸುತ್ತಿ, ನನಗೆ ಒಮ್ಮೆ ತೋರಿಸಿ, ಹೊಲಿಗೆ ಡಬ್ಬಿಯಲ್ಲಿ ಇಡುತ್ತಿದ್ದಳು. ಸೋಮವಾರ ನಾನು ನೋಡದೆ ಹೇಳಬೇಕು. ಚಿಕಿತ್ಸೆ ಮುಗಿದ ಮೇಲೂ ಇದು ನಡೆಯಿತು. ಒಂದೆರಡು ಬಣ್ಣ ಆಚೀಚೆ ಆದದ್ದು ಬಿಟ್ಟರೆ ಸರಿಯಾಗೇ ಹೇಳುತ್ತಿದ್ದೆ.

ಚಿಕಿತ್ಸೆ ಮುಗಿದ ಐದನೇ ತಿಂಗಳ ಒಂದು ಸೋಮವಾರ ಬೆಳಿಗ್ಗೆ, "ಕೆಂಪು, ಬಿಳಿ, ನೀಲಿ," ಎಂದೆ.

ಅವಳು ರಟ್ಟು ನೋಡಿದಳು. "ಒಂದೂ ಬರೋಬರಿ ಇಲ್ಲರಿ."

"ಮತ್ತ ಹೇಳ್ತೀನಿ ತಡಿ. ಕೆಂಪು, ಬಿಳಿ, ನೀಲಿ."

ಅವಳು ಚಹಾಕ್ಕೆ ಇಡಲು ಎದ್ದು ಹೋದಳು. ಫಾರ್ಮ್ ತುಂಬುವುದು ಇನ್ನು ಬೇಡ ಅಂದುಕೊಂಡೆ.

ರಟ್ಟು ಕೈಗೆತ್ತಿಕೊಂಡೆ. ಯಾವ ಕಡೆಯೂ ಗಂಟು ಇರಲಿಲ್ಲ. ಡಬ್ಬಿ ತಡಕಾಡಿದರೆ ತಳದಲ್ಲಿ ಕತ್ತರಿಸಿ ಬಿದ್ದ ಒಂದು ಗಂಟು ಸಿಕ್ಕಿತು, ಕೆಂಪು ನೂಲಿನದು. ಹೊಲಿದಾದ ಮೇಲೆ ಟವೆಲ್ಲಿನ ಅಂಚಿಗೆ ನೇತಾಡುವ ನೂಲನ್ನೆಲ್ಲ ಚಕಚಕನೆ ಕತ್ತರಿಸುವುದು ಅವಳ ಕೈಗೆ ಅಂಟಿದ ಅಭ್ಯಾಸ. ರಟ್ಟಿನ ಗಂಟನ್ನೂ ಹಾಗೇ ಕತ್ತರಿಸಿ, ಮರೆತು, ಕೊನೆಯಿಂದ ಓದಿದ್ದಳು.

ಅಡುಗೆಮನೆಗೆ ಹೋಗಿ ಗಂಟು ತೋರಿಸಿದೆ. "ಡಾಕ್ಟರಮ್ಮಗ ಹೇಳಿ ನಿನ್ನ ತಲಿಗೂ ಒಂದ್ ಪ್ಲಾನ್ ಮಾಡಸೂಣು."

ಅವಳು ಗಂಟನ್ನೂ ರಟ್ಟನ್ನೂ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. "ಸುಮ್ ಕುಂದರ್ರಿ. ಉಳದ ನಾಕು ಬಣ್ಣ ಹೇಳಲೇ ಇಲ್ಲ ನೀವು."

"ಹಳದಿ, ಹಸಿರು, ಕರಿ, ಕೇಸರಿ."

ಅವಳು ಬೆರಳಿಟ್ಟು ಒಂದೊಂದೇ ಎಣಿಸಿದಳು. ಆಮೇಲೆ ಕಪಾಟಿನಿಂದ ಫಾರ್ಮ್ ತಂದು ಚಹಾದ ಪಕ್ಕ ಇಟ್ಟಳು. ಚಹಾ ಆರಿತು, ಫಾರ್ಮ್ ತುಂಬಿತು.