ಭಟ್ಟಿಗೆ ಹೋದ ಎರಡು ಟ್ರೇ

ಜೇವರ್ಗಿ ಕಾಲೋನಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಪಾ ಯಾವುದಕ್ಕೂ ಅವಸರ ಮಾಡಿದವರಲ್ಲ. ಯಾರಾದರೂ ಅವಸರಪಡಿಸಿದರೆ ದುಪಟ್ಟಾದ ತುದಿಗೆ ಕೈ ಒರೆಸುತ್ತ, "ಜರಾ ತಡೀರಿ" ಎನ್ನುತ್ತಿದ್ದರು.

ಎದೆನೋವು ಬಂದ ಆಪಾರ ಗಂಡನಿಗೆ ಡಾಕ್ಟರು ಎಣ್ಣೆ ಬಿಡಿಸಿದರು. ಬಿರಿಯಾನಿಪ್ರಿಯರಾದ ಅವರು ಊಟವನ್ನೇ ಬಿಡುವಂತಾದರು. ಆಪಾ ಮೊಬೈಲಿನಲ್ಲಿ ಮೆಕ್ಸಿಕೋದ ಒಂದು ಅಡುಗೆ ಹುಡುಕಿದರು. ಕೊಬ್ಬು ತೆಗೆದ ಖೀಮಾ, ತವರೂರು ಕಮಲಾಪುರದಿಂದ ತಂದ ಎಳೆ ಮೆಕ್ಕೆಜೋಳ, ಟೊಮೆಟೊ. ಮೇಲೆ ಚೀಸಿನ ಬದಲು ಗಟ್ಟಿ ಮೊಸರು, ಪುಡಿ ಮಾಡಿದ ಖಡಕ್ ರೊಟ್ಟಿ. ಮನೆಯಲ್ಲಿ ಓವನ್ ಇರಲಿಲ್ಲ. ಹಬ್ಬಕ್ಕೆ ನಾನ್‌ಖಟಾಯಿ ಬೇಯಿಸಲು ಒಯ್ಯುವಂತೆ ಇದನ್ನೂ ಟ್ರೇಯಲ್ಲಿ ಹರಡಿ ಓಣಿಯ ಬೇಕರಿಯ ಭಟ್ಟಿಗೆ ಒಯ್ದರು. ಅಂದು ಗಂಡ ತಟ್ಟೆ ಬಳಿದು ಉಂಡರು.

ನಾವು ಮಾಂಸ ತಿನ್ನದವರು. ಮರುವಾರ ತಮ್ಮ ಟ್ರೇಯ ಜೊತೆಗೆ ನಮಗೆಂದು ಖೀಮಾದ ಬದಲು ಅಲಸಂದೆ ಕಾಳು ಹಾಕಿ ಬೇರೆ ಟ್ರೇ ಮಾಡಿದರು. ಬೇಕರಿಯವನು ಎರಡನ್ನೂ ಬೇಯಿಸಿ ಕೊಡುವಾಗ ಹೆಮ್ಮೆಯಿಂದ ಹೇಳಿದನಂತೆ: "ಕಾಳಿಂದು ಒಣಗಾಕತ್ತಿತ್ತು ಆಪಾ, ಎರಡ್ ಚಮಚ ಖೀಮಾದ ರಸ ಹಾಕೀನಿ."

ಇತ್ತ ನಾನು ಹಸಿದು, ತಾಟು ಹಾಕಿಕೊಂಡು ಕುಳಿತಿದ್ದೆ. ಆಪಾ ಬರಿಗೈಯಲ್ಲಿ ಬಂದು ನಡೆದದ್ದನ್ನು ಹೇಳಿ, "ಜರಾ ತಡೀರಿ" ಎಂದು ಹೊರಟೇಬಿಟ್ಟರು. ಮತ್ತೆ ಕಾಳು ಬೇಯಿಸಿ, ಈ ಸಲ ಭಟ್ಟಿಯ ಮುಂದೆಯೇ ನಿಂತು, ಬೆವರೊರೆಸಿಕೊಳ್ಳುತ್ತ ಹೊಸ ಟ್ರೇ ತಂದರು.

"ನೀವು ಹೇಳದಿದ್ರ ನಮಗೇನ್ ತಿಳೀತಿತ್ರಿ ಆಪಾ?" ಎಂದೆ.

"ನನಗ ಗೊತ್ತಿತ್ತಲ್ರಿ ಅಕ್ಕಾರ," ಎಂದು ಬಿಸಿ ಟ್ರೇಯನ್ನು ನನ್ನ ಮುಂದಿಟ್ಟರು.