ಆರು ಹೆಸರಿನ ಚೀಟಿ

ಆ ಕಾರ್ಯದರ್ಶಿಯನ್ನು ನೆನೆಸಿಕೊಂಡರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ.

ತಿ. ನರಸೀಪುರದ ಕಡೆ ನಾಲೆ ನೀರು ಹಂಚುವ ಒಂದು ರೈತರ ಸಂಘವಿದೆ. ಅವರಿಗೆ ನಾನು ಬರೆದುಕೊಟ್ಟ ಪ್ರೋಗ್ರಾಂ ಈಗಲೂ ಫಾಕ್ಸ್‌ಪ್ರೋ ಅನ್ನುವ ಹಳೆಯ ಕಂಪ್ಯೂಟರ್ ಭಾಷೆಯಲ್ಲೇ ಓಡುತ್ತಿದೆ. ಇವತ್ತು ಯಾರ ಗದ್ದೆಗೆ ನೀರು ಅಂತ ದಿನಕ್ಕೆ ಆರು ಹೆಸರಿನ ಚೀಟಿ ತೆಗೆಯುವುದು ಅದರ ಕೆಲಸ. ಚೀಟಿ ನೋಡಿ ನೀರುಗಂಟಿ ತೂಬು ಎತ್ತುತ್ತಾನೆ. ಪಾಳಿ ಎಷ್ಟನೆಯವರಿಗೆ ಬಂತು ಅನ್ನುವುದು ಒಂದು ವೇರಿಯಬಲ್‌ನಲ್ಲಿರುತ್ತದೆ. ವೇರಿಯಬಲ್ ಅಂದರೆ ಕಂಪ್ಯೂಟರಿನ ತಲೆಯಲ್ಲಿರುವ ಸಂಖ್ಯೆ, ಕರೆಂಟು ಹೋದರೆ ಅದೂ ಹೋಯಿತು. ಅದನ್ನು ಫೈಲಿಗೆ ಉಳಿಸುವ ಸಾಲನ್ನು ನಾನು ಪ್ರೋಗ್ರಾಮಿನ ಕೊನೆಯಲ್ಲಿ, ‘ಮುಕ್ತಾಯ’ ಒತ್ತಿದರೆ ಮಾತ್ರ ಓಡುವ ಹಾಗೆ ಇಟ್ಟಿದ್ದೆ. ಮರುದಿನ ಫೈಲು ನೋಡಿಕೊಂಡು ಅದು ಮುಂದಿನ ಆರು ಜನರನ್ನು ಕರೆಯುತ್ತದೆ.

ನಾನಿರುವುದು ನಂಜನಗೂಡಿನಲ್ಲಿ, ಅಲ್ಲಿಗೆ ಹೋಗುವುದು ಶುಕ್ರವಾರ ಮಾತ್ರ. ಉಳಿದ ದಿನ ಕಾರ್ಯದರ್ಶಿಯೇ ಚೀಟಿ ತೆಗೆಯುತ್ತಿದ್ದರು. ‘ಮುಕ್ತಾಯ’ ಒತ್ತಿ ಆಮೇಲೆ ಆಫ್ ಮಾಡಿ ಅಂತ ನೂರು ಸಲ ಬಡಿದುಕೊಂಡಿದ್ದೆ, ಕಾಗದದಲ್ಲಿ ಬರೆದು ಅಂಟಿಸಿಯೂ ಇದ್ದೆ. ಆ ವಾರ ಪುಣ್ಯಾತ್ಮರಿಗೆ ಅದೇನು ಅವಸರವೋ, ಚೀಟಿ ಕೈಗೆ ಬಂದ ತಕ್ಷಣ ದೇವರ ಪಟಕ್ಕೆ ಕೈ ಮುಗಿದು ಮೇನ್ ಸ್ವಿಚ್ಚನ್ನೇ ಇಳಿಸಿದ್ದಾರೆ. ಶನಿವಾರದಿಂದ ಗುರುವಾರದವರೆಗೆ ಅದೇ ಆರು ಹೆಸರು. ನೀರುಗಂಟಿಯೂ ಕೇಳಲಿಲ್ಲ. ಮೇಲಿನ ತೂಬಿನ ಆ ಆರು ಮನೆಯವರಂತೂ ದಿನಾ ಗದ್ದೆ ತುಂಬಿ ಹರಿದರೂ ತುಟಿ ಪಿಟಕ್ಕೆನ್ನಲಿಲ್ಲ. ಎಂಥ ಜನವೋ.

ಶುಕ್ರವಾರ ನಾನು ಬಸ್ಸಿಳಿದು ಹೋದಾಗ, ನಾಲೆಯ ಕೊನೆಯಲ್ಲಿ ಅರ್ಧ ಎಕರೆ ಮಾಡಿಕೊಂಡಿರುವ ಒಬ್ಬ ಅಜ್ಜಿ ಸಂಘದ ಬಾಗಿಲಲ್ಲಿ ನಿಂತಿದ್ದರು. ಭಾನುವಾರ ಅವರ ಪಾಳಿ ಬರಬೇಕಿತ್ತು. ನಾಟಿಗೆಂದು ಬೆಳೆಸಿದ್ದ ಭತ್ತದ ಪೈರು ಒಣಗಿಹೋಗಿ, ಅದನ್ನೇ ಒಂದು ಹಿಡಿ ಕಿತ್ತು ತಂದಿದ್ದರು. ಕಾರ್ಯದರ್ಶಿ ತಲೆಯೂ ಎತ್ತದೆ, “ಕಂಪ್ಯೂಟರ್ ಹೇಳ್ದಂಗೆ ಮಾಡಿದ್ದೀವಿ ಕಣಮ್ಮ” ಅಂದರು.

ನನಗೆ ತಡೆಯಲಾಗಲಿಲ್ಲ. ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಆರೂ ದಿನದ ಚೀಟಿಗಳನ್ನು ಅವರ ಮೇಜಿನ ಮೇಲೆ ಎಸೆದೆ. ನೀವು ಸ್ವಿಚ್ ಇಳಿಸಿದರೆ ಕಂಪ್ಯೂಟರ್ ಪಾಳಿಯನ್ನು ಹೇಗೆ ನೆನಪಿಟ್ಟುಕೊಳ್ಳಬೇಕು ಅಂತ ಬಾಯಿಗೆ ಬಂದಂತೆ ಬೈದೆ. ಬೈದು ಮುಗಿಸಿದ ಮೇಲೆ ಅಜ್ಜಿ ನನ್ನ ಕಡೆ ತಿರುಗಿದರು.

“ಕಂಪ್ಯೂಟರ್ಗೆ ಇದ್ನ ಬರ್ದಿದ್ದು ನೀನೇನವ್ವ?”

ಹೌದೆಂದೆ.

“ಸ್ವಿಚ್ ಇಳ್ಸುದ್ರೂ ಮರೀದಂಗೆ ಬರಿಯಕ್ಕೆ ಆಯ್ತಿರ್ನಿಲ್ವಾ?”

ಆಗುತ್ತಿತ್ತು. ಕೊನೆಯಲ್ಲಿದ್ದ ಆ ಒಂದು ಸಾಲನ್ನು ಚೀಟಿ ಅಚ್ಚಾಗುವ ಜಾಗಕ್ಕೆ ತಂದಿದ್ದರೆ ಸಾಕಿತ್ತು. ನನಗದು ಗೊತ್ತೂ ಇತ್ತು. ಹೇಳಿದ ಹಾಗೆ ಮಾಡುವುದನ್ನು ಅವರು ಕಲಿಯಲಿ ಅಂತ ಹಟಕ್ಕೆ ಬಿದ್ದು ಬಿಟ್ಟಿದ್ದೆ. ಈಗ ಅಲ್ಲೇ ಕೂತು ಸಾಲನ್ನು ಮೇಲಕ್ಕೆ ತಂದೆ, ಎರಡು ನಿಮಿಷವೂ ಹಿಡಿಯಲಿಲ್ಲ. ಅಜ್ಜಿಯ ಹೆಸರನ್ನೇ ಮೊದಲು ಹಾಕಿ ಚೀಟಿ ತೆಗೆದು ಅವರ ಕೈಗೆ ಕೊಟ್ಟೆ.

ಅವರು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ನೀರು ಬರ್ತದೆ, ಸರಿ. ನೆಡಕ್ಕೆ ಪೈರು ಎಲ್ಲಿ ಅದೆ ಅವ್ವ?”