ಒಂದಿಂಚಿಗೆ ಆರು ಸಾಲು

ನನ್ನನ್ನು ನೋಡಿದ ಯಾರೂ ಇವಳು ಹಗೆ ಸಾಧಿಸುವ ಹೆಂಗಸು ಎಂದುಕೊಳ್ಳುವುದಿಲ್ಲ. ಮನೆ ಬಿಟ್ಟು ಎರಡು ಮೈಲಿ ಬಂದ ಮೇಲೆ ಸ್ಟವ್ ಆರಿಸಿದೆನೋ ಇಲ್ಲವೋ ಎಂದು ಕಾರು ತಿರುಗಿಸುವವಳು ನಾನು. ಲಿಫ್ಟಿನಲ್ಲಿ ಪಕ್ಕದವರು ಕೆಮ್ಮಿದರೆ ನಾನು ಸಾರಿ ಕೇಳುತ್ತೇನೆ. ಅಂಥವಳು ಒಂದು ಪ್ಲಾಸ್ಟಿಕ್ ಸ್ಕೇಲು ಹಿಡಿದು ಒಬ್ಬ ಪ್ರೊಫೆಸರರ ಆರು ತಿಂಗಳನ್ನು ಹಾಳು ಮಾಡಿದೆ. ಪಶ್ಚಾತ್ತಾಪವಾಯಿತೆ ಎಂದು ಕೇಳಿದರೆ, ಆಗಬೇಕಿತ್ತಲ್ಲ, ಯಾಕೆ ಆಗಲಿಲ್ಲ ಎಂಬ ಚಿಂತೆ ಮಾತ್ರ ಈಗಲೂ ಇದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾವು ವಾಷಿಂಗ್ಟನ್ನಿಗೆ ಹತ್ತಿರ, ವರ್ಜೀನಿಯಾದ ಶ್ಯಾಂಟಿಲಿಯಲ್ಲಿದ್ದೆವು. ವಿಜ್ಞಾನ ಸಂಶೋಧನೆಗೆ ಸರ್ಕಾರದ ನೆರವು ಹಂಚುವ ಒಂದು ಮಂಡಳಿಗೆ ದೇಶದ ಮೂಲೆಮೂಲೆಯಿಂದ ಅರ್ಜಿಗಳು ಬರುತ್ತಿದ್ದವು. ಅವನ್ನು ತೆಗೆದುಕೊಂಡು, ಪರೀಕ್ಷಿಸಿ, ಒಳಗೆ ಕಳಿಸುವ ಕೆಲಸವನ್ನು ನಮ್ಮ ಮನೆ ಹತ್ತಿರದ ಒಂದು ಕಂಪನಿ ಕಂಟ್ರಾಕ್ಟ್ ಹಿಡಿದಿತ್ತು. ನಾನು ಅಲ್ಲಿ ಗುಮಾಸ್ತೆ.

ಆಗ ಎಲ್ಲವೂ ಕಾಗದದ ಮೇಲೆ. ಯಾವುದೋ ವಿಶ್ವವಿದ್ಯಾಲಯದಲ್ಲಿ ಒಬ್ಬರಿಗೆ ಒಂದು ಯೋಚನೆ ಹೊಳೆಯುತ್ತದೆ. ಅದರಿಂದ ನಾಳೆಯೇ ಸಾಬೂನೋ ಔಷಧಿಯೋ ಆಗುವುದಿಲ್ಲವಾದ್ದರಿಂದ ಯಾವ ಕಾರ್ಖಾನೆಯೂ ಅದನ್ನು ಮೂಸಿ ನೋಡುವುದಿಲ್ಲ. ಅಂಥದ್ದಕ್ಕೆ ಮಂಡಳಿಯೇ ಗತಿ. ಏನು ಮಾಡುತ್ತೇನೆ, ಯಾಕೆ, ಹೇಗೆ ಎಂದು ಹದಿನೈದು ಪುಟದೊಳಗೆ ಬರೆದು, ಹತ್ತು ಪ್ರತಿ ಮಾಡಿಸಿ, ಗಡುವಿನ ದಿನ ಸಂಜೆ ಐದರೊಳಗೆ ನಮಗೆ ತಲುಪಿಸಬೇಕು. ಆಮೇಲೆ ಅದೇ ವಿಷಯ ಬಲ್ಲ ಬೇರೆ ಊರುಗಳ ವಿಜ್ಞಾನಿಗಳು ಅದನ್ನು ಓದಿ, ಒಂದು ಕೋಣೆಯಲ್ಲಿ ಎರಡು ದಿನ ಕೂತು ಜಗಳವಾಡಿ, ಯಾವುದು ಮೇಲು ಯಾವುದು ಕೆಳಗು ಎಂದು ಜೋಡಿಸುತ್ತಾರೆ. ಮೇಲಿನ ಕೆಲವಕ್ಕೆ ಮೂರು ವರ್ಷದ ಉಪಕರಣ, ರಾಸಾಯನಿಕ, ವಿದ್ಯಾರ್ಥಿಗಳ ಸ್ಟೈಪೆಂಡು. ಉಳಿದವರಿಗೆ ಸೌಜನ್ಯದ ಒಂದು ಪತ್ರ.

ಇದೆಲ್ಲಕ್ಕೂ ಮೊದಲು ನನ್ನ ಸ್ಕೇಲು. ಹದಿನೈದೇ ಪುಟ ಎಂದ ಮೇಲೆ ಅಕ್ಷರ ಕುಗ್ಗಿಸಿ ಹದಿನೆಂಟು ಪುಟದ ಸರಕು ತುರುಕುವ ಜಾಣರು ಇದ್ದೇ ಇರುತ್ತಾರಲ್ಲ. ಅದಕ್ಕೇ ನಿಯಮ: ಸುತ್ತಲೂ ಒಂದಿಂಚು ಖಾಲಿ, ಒಂದಿಂಚಿಗೆ ಆರೇ ಸಾಲು. ಪಾರದರ್ಶಕ ಸ್ಕೇಲನ್ನು ಪುಟದ ಮೇಲಿಟ್ಟು ಎಣಿಸಬೇಕು. ಏಳನೆಯ ಸಾಲು ತಲೆ ತೂರಿಸಿದರೆ ಓದದೆಯೇ ವಾಪಸ್. ಜಗತ್ತೇ ಹೊಗಳಿದವರಿಗೂ ಹದಿನೈದು ಪುಟ, ಮೊನ್ನೆ ಡಿಗ್ರಿ ಬಂದ ಹುಡುಗಿಗೂ ಹದಿನೈದು ಪುಟ. ಅಮೆರಿಕಕ್ಕೆ ಬಂದ ಮೇಲೆ ನನಗೆ ಮನಸಾರೆ ಹಿಡಿಸಿದ ಎರಡೇ ವಿಷಯಗಳಲ್ಲಿ ಈ ನಿಯಮ ಒಂದು. ಇನ್ನೊಂದು ಡಿಶ್‌ವಾಷರ್.

“ಕೆಮಿಸ್ಟ್ರಿ ಎಂಎಸ್ಸಿ ಮಾಡಿ ಕೊನೆಗೆ ಗೀಟು ಎಳೆಯೋ ಕೆಲಸ ಸಿಕ್ತು ನೋಡು ನಿಂಗೆ,” ಎನ್ನುತ್ತಿದ್ದರು ನಮ್ಮ ಯಜಮಾನರು.

“ಎಳೆಯೋದಲ್ಲ ರೀ, ಅಳೆಯೋದು,” ಎನ್ನುತ್ತಿದ್ದೆ.

ಆ ಎಂಎಸ್ಸಿಯ ಕಥೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಶ್ಯಾಂಟಿಲಿಗೆ ಬರುವ ಮೊದಲು ನಾವು ನಾರ್ತ್ ಕ್ಯಾರೊಲಿನಾದಲ್ಲಿದ್ದೆವು. ಅಲ್ಲಿ ಮೈಸೂರಿನ ಕಡೆಯವರೇ ಒಬ್ಬರು ಕೆಮಿಸ್ಟ್ರಿ ಪ್ರೊಫೆಸರರಾಗಿದ್ದರು. ಯಾರ ಮನೆಯ ಊಟದಲ್ಲೋ ಸಿಕ್ಕವರು ನನ್ನ ಓದಿನ ವಿಷಯ ಕೇಳಿ, “ಸುಮ್ನೆ ಮನೇಲಿ ಕೂತು ಏನ್ ಮಾಡ್ತೀರಾ ಮೇಡಂ? ಲ್ಯಾಬಿಗೆ ಬನ್ನಿ. ಈಗ ಸಂಬಳ ಕೊಡಕ್ಕಾಗಲ್ಲ. ಗ್ರಾಂಟ್ ಬಂದ್ರೆ ಟೆಕ್ನಿಷಿಯನ್ ಪೊಸಿಷನ್ ನಿಮ್ದೇ ಅಂದ್ಕೊಳ್ಳಿ,” ಎಂದರು.

ಅಂದುಕೊಂಡೆ. ಎಂಟು ತಿಂಗಳು ದಿನವೂ ಹೋದೆ. ಗ್ರಾಂಟ್‌ಗಾಗಿ ಅವರು ಇದೇ ಮಂಡಳಿಗೆ ಬರೆಯುತ್ತಿದ್ದ ಅರ್ಜಿಯ ಕೋಷ್ಟಕಗಳನ್ನು ಟೈಪ್ ಮಾಡಿದೆ, ನಕ್ಷೆಗಳನ್ನು ಎರಡೆರಡು ಸಲ ಬರೆದೆ. ಒಂಬತ್ತನೆಯ ಪುಟದಲ್ಲಿ ಅವರ ಲೆಕ್ಕದ ತಪ್ಪೊಂದನ್ನು ಹಿಡಿದೆ. ಅದು ಹಾಗೇ ಹೋಗಿದ್ದರೆ ಅರ್ಜಿ ಅಲ್ಲೇ ಮುಗ್ಗರಿಸುತ್ತಿತ್ತು. ಬಜೆಟ್ ಪುಟದಲ್ಲಿ ‘ಟೆಕ್ನಿಷಿಯನ್, ಒಬ್ಬರು’ ಎಂಬ ಸಾಲನ್ನು ಟೈಪ್ ಮಾಡಿದ್ದೂ ನನ್ನ ಬೆರಳೇ. ತಪ್ಪಾಗಿದೆಯೇನೋ ಎಂದು ಅದೊಂದೇ ಸಾಲನ್ನು ನಾಲ್ಕು ಸಲ ಓದಿದ್ದೆ.

ಗ್ರಾಂಟ್ ಬಂತು. ಟೆಕ್ನಿಷಿಯನ್ನೂ ಬಂದ. “ರೀಸೆಂಟ್ ಎಕ್ಸ್‌ಪೀರಿಯನ್ಸ್ ಇರೋರು ಬೇಕಾಗಿತ್ತು ಮೇಡಂ, ನೀವು ತಪ್ಪು ತಿಳ್ಕೋಬಾರ್ದು,” ಎಂದರು. ನಾನು ತಪ್ಪು ತಿಳಿಯಲಿಲ್ಲ, ಸರಿಯಾಗಿಯೇ ತಿಳಿದುಕೊಂಡೆ. ಆ ವರ್ಷದ ಯುಗಾದಿ ಊಟದಲ್ಲಿ ಯಾರೋ ಅವರನ್ನು, ಇವರೂ ನಿಮ್ಮ ಅರ್ಜಿಗೆ ಕೆಲಸ ಮಾಡಿದರಂತೆ ಹೌದೇ ಎಂದು ಕೇಳಿದರು. ಪ್ರೊಫೆಸರರು ಹೋಳಿಗೆಯ ತಟ್ಟೆ ಎತ್ತಿ ಹಿಡಿದು, “ಹೂಂ ಮತ್ತೆ! ಅಡುಗೆ ನಂದು, ಒಗ್ಗರಣೆ ಮೇಡಂದು!” ಎಂದರು.

ಎಲ್ಲರೂ ನಕ್ಕರು. ನಮ್ಮ ಯಜಮಾನರೂ ನಕ್ಕರು. ಅದಕ್ಕೆ ಒಂದು ವಾರ ಒಗ್ಗರಣೆಯಿಲ್ಲದ ಸಾರು ಉಂಡರು. ಆದರೆ ಅಲ್ಲಿ ನಗದಿದ್ದರೆ ಜನ ಏನೆಂದುಕೊಳ್ಳುತ್ತಾರೋ ಎಂದು ಹೆದರಿ ನಾನೂ ನಕ್ಕೆ. ನನ್ನನ್ನು ಹಾಗೆ ನಗಿಸಿದ್ದಕ್ಕೆ ಪ್ರೊಫೆಸರರನ್ನು ನಾನು ಕ್ಷಮಿಸಲಿಲ್ಲ. ಎರಡೂವರೆ ವರ್ಷ ಡಿಶ್‌ವಾಷರಿಗೆ ತಟ್ಟೆ ಜೋಡಿಸುತ್ತ ಅವರಿಗೆ ಎಂಥೆಂಥ ಭಾಷಣ ಮಾಡಿದ್ದೇನೆ! ಒಂದೊಂದರಲ್ಲೂ ಅವರು ಕೊನೆಗೆ ತಲೆ ತಗ್ಗಿಸುತ್ತಿದ್ದರು.

ಆಮೇಲೆ ಒಂದು ಸೋಮವಾರ, ಗಡುವಿಗೆ ಇನ್ನೂ ಮೂರು ದಿನವಿರುವಾಗ, ನನ್ನ ಮೇಜಿಗೆ ಅವರ ಪೊಟ್ಟಣ ಬಂತು.

ಹೆಸರು ನೋಡಿದ್ದೇ ಎದ್ದು ಹೋಗಿ ಕಾಫಿ ಕುಡಿದು ಬಂದೆ. ಆ ಕೆಲಸಕ್ಕೆ ಕೈ ಗಟ್ಟಿಯಿರಬೇಕು. ಪರಿಚಯದವರ ಅರ್ಜಿಯನ್ನು ಮುಟ್ಟಬಾರದೆಂಬ ನಿಯಮ ಓದುವ ವಿಜ್ಞಾನಿಗಳಿಗಿತ್ತು, ಅಳೆಯುವವರಿಗೆ ಇರಲಿಲ್ಲ. ಇದ್ದಿದ್ದರೂ ಪಕ್ಕದ ಮೇಜಿಗೆ ದಾಟಿಸುತ್ತಿದ್ದೆನೆ? ಸ್ಕೇಲಿಟ್ಟೆ. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಆರರ ಕೆಳಗೆ, ಇಂಚಿನ ಗೆರೆಯೊಳಗೇ, ಏಳನೆಯ ಸಾಲಿನ ತಲೆ. ಬೇರೆ ಪುಟ ನೋಡಿದೆ, ಅಲ್ಲೂ ಅದೇ. ಕನ್ನಡಕ ಒರೆಸಿ ಮತ್ತೆ ಎಣಿಸಿದೆ. ಅಷ್ಟು ಸುಖವಾದ ಎಣಿಕೆ ನನ್ನ ಜನ್ಮದಲ್ಲಿ ಇನ್ನೊಂದಿಲ್ಲ.

ಆದರೆ ಪುಟದಲ್ಲಿ ಏನೋ ವಿಚಿತ್ರವಿತ್ತು. ಮೋಸ ಮಾಡುವವರು ಅಂಚಿನ ಜಾಗವನ್ನೂ ನುಂಗುತ್ತಾರೆ. ಇಲ್ಲಿ ಎಡಬಲದಲ್ಲಿ ಬೇಕಾದ್ದಕ್ಕಿಂತ ಹೆಚ್ಚೇ ಖಾಲಿಯಿತ್ತು. ಆ ಖಾಲಿಯಲ್ಲಿ ಉದ್ದಕ್ಕೂ ತೆಳ್ಳನೆಯ ಬೂದು ಗೆರೆ, ಮೂಲ ಹಾಳೆಯ ಅಂಚಿನ ನೆರಳು. ನನಗೆ ತಟ್ಟನೆ ಹೊಳೆಯಿತು. ಅರ್ಜಿಯ ಜೊತೆಗಿದ್ದ ಪರಿಚಯಪತ್ರ ನೋಡಿದೆ. ಆ ಬೇಸಿಗೆ ಅವರು ಬೆಂಗಳೂರಿನ ಒಂದು ಸಂಸ್ಥೆಯಲ್ಲಿದ್ದರು. ಅಲ್ಲೇ ಬರೆದು, ಅಲ್ಲೇ ಪ್ರಿಂಟ್ ತೆಗೆದು, ಅದನ್ನೇ ಹೊತ್ತು ತಂದು ಇಲ್ಲಿ ಹತ್ತು ಪ್ರತಿ ಮಾಡಿಸಿದ್ದಾರೆ. ನಮ್ಮೂರಿನ ಹಾಳೆ ಎ-ಫೋರ್, ಉದ್ದ. ಇಲ್ಲಿಯದು ಗಿಡ್ಡ. ಉದ್ದ ಹಾಳೆಯನ್ನು ಗಿಡ್ಡ ಹಾಳೆಗೆ ಹಿಡಿಸಲು ಜೆರಾಕ್ಸ್ ಯಂತ್ರ ಅಕ್ಷರಗಳನ್ನೆಲ್ಲ ಒಂದಿಷ್ಟು ಕುಗ್ಗಿಸಿಬಿಟ್ಟಿದೆ. ನಾನು ಈ ದೇಶಕ್ಕೆ ಬಂದ ಹೊಸತರಲ್ಲಿ ಲೈಬ್ರರಿಯಲ್ಲಿ ನನ್ನ ಮಾರ್ಕ್ಸ್ ಕಾರ್ಡಿನ ಪ್ರತಿ ತೆಗೆದಾಗ ಕೆಳಗಿನ ರಿಜಿಸ್ಟ್ರಾರರ ಸಹಿಯೇ ಕತ್ತರಿಸಿಹೋಗಿ, ನನ್ನ ಡಿಗ್ರಿಯೇ ರದ್ದಾದಂತೆ ಅಳು ಬಂದಿತ್ತು. ಕೊನೆಗೆ ಕುಗ್ಗಿಸಿಯೇ ಪ್ರತಿ ತೆಗೆಯಬೇಕಾಯಿತು, ಹಾಗಾಗಿ ಗೊತ್ತು. ಆ ಆಫೀಸಿನಲ್ಲಿ ಇದು ಮೋಸವಲ್ಲ, ತಿಳಿಯದೆ ಆದ ತಪ್ಪು ಎಂದು ತಿಳಿಯಬಲ್ಲವಳು ನಾನೊಬ್ಬಳೇ.

ನಮ್ಮ ಸೂಪರ್‌ವೈಸರ್ ಅಟ್ಲಾಂಟಾ ಕಡೆಯ ಹಿರಿಯ ಹೆಂಗಸು, ತುಂಬ ಒಳ್ಳೆಯವರು. ಗಡುವಿಗೆ ಮೊದಲೇ ತಪ್ಪು ಕಂಡರೆ ಅರ್ಜಿ ಹಾಕಿದವರಿಗೆ ಫೋನ್ ಮಾಡಿ ಹೇಳಬೇಕು, ಸರಿಮಾಡಿ ಕಳಿಸಲು ಬಿಡಬೇಕು ಎಂಬುದು ಅವರು ಹಾಕಿಕೊಟ್ಟ ಪದ್ಧತಿ. ಫಾರಂನಲ್ಲಿ ಅದಕ್ಕೊಂದು ಚೌಕವೂ ಇತ್ತು: ಕರೆ ಮಾಡಲಾಗಿದೆ.

ಕರೆ ಮಾಡಿದೆ. ಮಧ್ಯಾಹ್ನ ಹನ್ನೆರಡೂವರೆಗೆ ಮಾಡಿದೆ. ಅವರ ಲ್ಯಾಬಿನಲ್ಲಿ ಆ ಹೊತ್ತಿಗೆ ಎಲ್ಲರೂ ಊಟಕ್ಕೆ ಹೋಗಿರುತ್ತಾರೆಂದು ಎಂಟು ತಿಂಗಳು ಅಲ್ಲಿ ಕೂತವಳಿಗೆ ಗೊತ್ತಿರುವುದಿಲ್ಲವೆ? ಮೂರು ಸಲ ರಿಂಗಾಯಿತು. ನಾಲ್ಕನೆಯದಕ್ಕೆ ಆನ್ಸರಿಂಗ್ ಮಷೀನ್ ಎತ್ತಿಕೊಳ್ಳುತ್ತದೆಂದೂ ಗೊತ್ತಿತ್ತು. ಇಟ್ಟುಬಿಟ್ಟೆ. ಚೌಕದಲ್ಲಿ ಗುರುತು ಹಾಕಿ, ಉತ್ತರವಿಲ್ಲ ಎಂದು ಬರೆದೆ. ಗುರುವಾರ ಗಡುವು ಮುಗಿಯಿತು. ಶುಕ್ರವಾರ ಬೆಳಿಗ್ಗೆ ಕೆಂಪು ಮೊಹರು ಒತ್ತಿದೆ. ಅಷ್ಟು ಜೋರು ಬೇಕಿರಲಿಲ್ಲ. ಪಕ್ಕದ ಮೇಜಿನವಳು ತಿರುಗಿ ನೋಡಿದಳು.

ಎರಡು ದಿನ ನಾನು ಹೂವಿನ ಹಾಗಿದ್ದೆ. ಮೂರನೆಯ ದಿನದಿಂದ ಚಿಂತೆ. ಎಷ್ಟು ರಿಂಗಾಯಿತೆಂದು ಫೋನ್ ಕಂಪನಿಯವರು ಬರೆದಿಟ್ಟುಕೊಳ್ಳುತ್ತಾರೋ ಏನೋ. ತನಿಖೆಗೆ ಬಂದರೆ ಯಾವ ಸೀರೆ ಉಡಲಿ, ಅಥವಾ ಪ್ಯಾಂಟೇ ವಾಸಿಯೆ. ಯಾರೂ ಬರಲಿಲ್ಲ. ಹಾಗೆ ಯಾರೂ ಬಾರದೆ ಇದ್ದದ್ದೇ ನನ್ನನ್ನು ಕೊರೆಯತೊಡಗಿತು. ವಾಪಸ್ ಹೋದ ಚೀಟಿಯಲ್ಲಿ ಅಳೆದವರ ಹೆಸರಿರುವುದಿಲ್ಲ. ಅವರು ಸೋತದ್ದು ನನಗೆ ಸಾಲಲಿಲ್ಲ. ಸೋಲಿಸಿದವಳು ಯಾರೆಂದು ಅವರಿಗೆ ಗೊತ್ತಾಗಬೇಕಿತ್ತು.

ಐದು ತಿಂಗಳ ಮೇಲೆ ನಾರ್ತ್ ಕ್ಯಾರೊಲಿನಾದ ಶಾರ್ಲೆಟ್‌ನ ಬ್ಯಾಲಂಟೈನ್ ಕಡೆ ಹಳೆಯ ಸ್ನೇಹಿತರ ಗೃಹಪ್ರವೇಶ. ಮುಂಚಿನ ದಿನವೇ ಹೊರಟೆವು. ಕಾರು ಹೊರಡುವ ಮುನ್ನವೇ ಯಜಮಾನರು, “ಸ್ಟವ್ ಆಫ್ ಆಗಿದೆ. ನಾನೇ ನೋಡಿದೀನಿ. ಬರೆದು ಸೈನ್ ಹಾಕಿ ಕೊಡ್ಲಾ?” ಎಂದರು. ಮಾರನೆಯ ಬೆಳಿಗ್ಗೆ ಹೊಸ ಮನೆಯ ಗ್ಯಾರೇಜಿನಲ್ಲಿ ದೊಡ್ಡ ಗ್ಯಾಸ್ ಒಲೆ ಇಟ್ಟು ಹೆಂಗಸರೆಲ್ಲ ಅಡುಗೆಗೆ ನಿಂತೆವು. ಎಂಬತ್ತು ಜನದ ಚಿತ್ರಾನ್ನದ ಒಗ್ಗರಣೆ ನನ್ನ ಪಾಲಿಗೆ ಬಂತು.

ಊಟದ ಹೊತ್ತಿಗೆ ಚಿತ್ರಾನ್ನದ ಪಾತ್ರೆ ಹಿಡಿದು ಬಂದರೆ ಸೋಫಾದ ನಡುವೆ ಆ ಪ್ರೊಫೆಸರರು. ಸುತ್ತ ನಾಲ್ಕೈದು ಜನ. ನಮ್ಮ ಯಜಮಾನರು ಆಚೆ ಕಿಟಕಿಯ ಹತ್ತಿರ ಬೇರೆ ಯಾರ ಜೊತೆಗೋ ಮಾತಿನಲ್ಲಿದ್ದರು.

“ಓದೇ ಇಲ್ಲ ಕಣ್ರೀ! ವಾಷಿಂಗ್ಟನ್ನಲ್ಲಿ ಯಾವನೋ ಕತ್ತೆ ಸ್ಕೇಲ್ ಹಿಡ್ಕೊಂಡು ಅಳೆದನಂತೆ. ಸಾಲು ಜಾಸ್ತಿ ಆಯ್ತಂತೆ. ಸೈನ್ಸ್ ಎಲ್ಲಿಗೆ ಬಂತು ನೋಡಿ!”

“ನಿಜವಾಗ್ಲೂ ಜಾಸ್ತಿ ಇತ್ತಾ ಸಾರ್?” ಯಾರೋ ಕೇಳಿದರು.

“ಏನ್ ಸ್ವಾಮಿ ನೀವೂ! ವಾಪಸ್ ಬಂದ ಕಟ್ಟು ಬಿಚ್ಚಕ್ಕೂ ಹೋಗ್ಲಿಲ್ಲ ನಾನು. ನನ್ನ ಹತ್ರ ಮಾಸ್ಟರ್ ಕಾಪಿ ಇದೆ. ಅದನ್ನ ಅಳೆದೆ. ಕರೆಕ್ಟಾಗಿ ಆರು. ನಾನೂ ಬಿಡೋನಲ್ಲ, ಮುಂದಿನ ತಿಂಗಳು ಅದೇ ಮಾಸ್ಟರ್‌ನಿಂದ ಮತ್ತೆ ಹತ್ತು ಕಾಪಿ ತೆಗೆದು ಕಳಿಸ್ತೀನಿ.” ಆಮೇಲೆ ದನಿ ಇಳಿಯಿತು. “ಹಳೇ ಗ್ರಾಂಟ್ ಮುಗೀತಾ ಬಂತು. ಈ ಸಲಾನೂ ಆಗ್ಲಿಲ್ಲ ಅಂದ್ರೆ ಲ್ಯಾಬ್ ಬಾಗಿಲು ಹಾಕ್ಬೇಕಾಗತ್ತೆ.”

ಕತ್ತೆ ಚಿತ್ರಾನ್ನ ಹಿಡಿದು ಅಲ್ಲೇ ನಿಂತಿತ್ತು. ಅದೇ ಮಾಸ್ಟರ್ ಎಂದರೆ ಅದೇ ಉದ್ದ ಹಾಳೆ, ಅದೇ ಏಳನೆಯ ಸಾಲು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಇನ್ನೊಂದು ಕೆಂಪು ಮೊಹರು, ಲ್ಯಾಬಿಗೆ ಬೀಗ. ಆದರೆ ಆಗಲೂ ಅವರು ಯಾವನೋ ಕತ್ತೆ ಎಂದೇ ಬೈದುಕೊಂಡಿರುತ್ತಾರೆ. ನಾನೇ ಎಂದು ಅವರಿಗೆ ತಿಳಿಯಬೇಕಾದರೆ ತಪ್ಪು ಎಲ್ಲಿದೆಯೆಂದು ನಾನೇ ಹೇಳಬೇಕು. ಹೇಳಿದರೆ ಅವರು ಉಳಿದುಕೊಳ್ಳುತ್ತಾರೆ. ಆಫೀಸಿಗೆ ದೂರು ಕೊಟ್ಟರೆ ನನ್ನ ಕೆಲಸವೇ ಹೋಗುತ್ತದೆ. ಡಿಶ್‌ವಾಷರಿನ ಮುಂದೆ ಮಾಡಿದ ಯಾವ ಭಾಷಣದಲ್ಲೂ ಈ ತೊಡಕು ಇರಲಿಲ್ಲ.

ಅವರ ತಟ್ಟೆಗೆ ಒಂದು ಸೌಟು ಹಾಕಿದೆ.

“ಸರ್, ಆ ಮಾಸ್ಟರ್ ಕಾಪಿ ಬೆಂಗಳೂರಲ್ಲಿ ಪ್ರಿಂಟ್ ತೆಗ್ಸಿದ್ದಲ್ವಾ? ಎ-ಫೋರ್ ಹಾಳೆ. ಇಲ್ಲಿ ಜೆರಾಕ್ಸ್ ಮಾಡಿದ್ರೆ ಕುಗ್ಗತ್ತೆ. ಇಲ್ಲಿನ ಹಾಳೆ ಮೇಲೇ ಹೊಸದಾಗಿ ಪ್ರಿಂಟ್ ತೆಗೀರಿ.”

ಅವರ ಕೈ ತುತ್ತಿನ ಮೇಲೇ ನಿಂತಿತು. “ಎ-ಫೋರ್...” ಎಂದರು ತಮಗೆ ತಾವೇ. “ಅಯ್ಯೋ. ಹೌದಲ್ಲ.” ಆಮೇಲೆ ತಲೆಯೆತ್ತಿ, ಪರಿಚಯವಾದ ದಿನದಿಂದ ಮೊದಲ ಸಲ, ನನ್ನ ಮುಖವನ್ನು ಪೂರ್ತಿಯಾಗಿ ನೋಡಿದರು. “ಬೆಂಗಳೂರು ಅಂತ ನಿಮಗೆ... ನೀವೀಗ ಎಲ್ಲಿ ಕೆಲಸ ಮಾಡ್ತಿರೋದು ಮೇಡಂ?”

“ಚಿತ್ರಾನ್ನ ಇನ್ನೊಂದ್ ಸ್ವಲ್ಪ ಹಾಕ್ಲಾ ಸರ್?” ಎಂದೆ. “ಒಗ್ಗರಣೆ ನಂದೇ.”

ಕೇಳುತ್ತಲೇ ಇನ್ನೊಂದು ಸೌಟು ಹಾಕಿದೆ. ಈ ಸಲ ಯಾರೂ ನಗಲಿಲ್ಲ. ಯಾಕೆಂದರೆ ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಅರ್ಥವಾಗಿರಲಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಯಜಮಾನರು, “ಏನೇ ಹೇಳ್ದೆ ಅವ್ರಿಗೆ? ಇಂಗು ತಿಂದ ಮಂಗನ ಹಾಗಾಗ್ಬಿಟ್ರಲ್ಲ!” ಎಂದರು. ಹಾಳೆ ಅಳತೆ ಹೇಳಿದೆ ಎಂದೆ. ನಾಳೆ ಅವರು ಸೂಪರ್‌ವೈಸರಿಗೆ ಫೋನ್ ಮಾಡಿದರೆ? ವರ್ಜೀನಿಯಾ ಗಡಿ ದಾಟುವವರೆಗೂ ನನ್ನ ರಾಜೀನಾಮೆ ಪತ್ರವನ್ನು ಮನಸ್ಸಿನಲ್ಲೇ ಬರೆದೆ, ಎರಡು ಕಡೆ ತಿದ್ದಿದೆ.

ಫೋನ್ ಬರಲಿಲ್ಲ. ಮುಂದಿನ ಗಡುವಿಗೆ ಒಂದು ವಾರ ಮೊದಲೇ ಪೊಟ್ಟಣ ಬಂತು. ಈ ಸಲ ಇಲ್ಲಿನ ಹಾಳೆ. ಒಂದು ಪ್ರತಿ ಅಳೆದರೆ ಸಾಕಾಗುತ್ತಿತ್ತು. ಹತ್ತೂ ಪ್ರತಿ, ನೂರೈವತ್ತು ಪುಟ, ಒಂದೂ ಬಿಡದೆ ಅಳೆದೆ. ಆರು ಸಾಲು, ಒಂದಿಂಚು ಅಂಚು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಸಿಗಲಿಲ್ಲ. ಓದಬಾರದಿದ್ದರೂ ಒಂಬತ್ತನೆಯ ಪುಟದ ಲೆಕ್ಕ ಓದಿದೆ. ಅದೂ ಸರಿಯಿತ್ತು. ನನ್ನ ಮಟ್ಟಿಗೆ ಅದೊಂದು ಹಾಳು ದಿನ.

ಬಜೆಟ್ ಪುಟದಲ್ಲಿ ಮತ್ತೆ ಅದೇ ಸಾಲು: ಟೆಕ್ನಿಷಿಯನ್, ಒಬ್ಬರು. ಯಾರ ಕೈಲಿ ಟೈಪ್ ಮಾಡಿಸಿದರೋ. ಆ ಸಾಲಿನ ಮೇಲೂ ಸ್ಕೇಲಿಟ್ಟೆ. ಆಮೇಲೆ ಹಸಿರು ಮೊಹರು ಒತ್ತಿದೆ, ಪಕ್ಕದ ಮೇಜಿನವಳಿಗೆ ಕೇಳಿಸದಷ್ಟು ಮೆಲ್ಲಗೆ.